ಗುರು ಮತ್ತು ಶಿಷ್ಯರು

ನಾವು ಗುರುವೆಂದು ಕರೆಯುವ ಗ್ರಹಕ್ಕೆ ಇಂಗ್ಲಿಷರು ಜುಪಿಟರ್ ಎನ್ನುತ್ತಾರೆ. ಬ್ರಿಸ್ಟಲ್ ನಗರದಲ್ಲಿ ರಾಯ್ ಫೆಡನ್ ಎಂಬ ಎಂಜಿನಿಯರು ರೂಪಿಸಿದ ವಿಮಾನದ ಎಂಜಿನಿಗೂ ಅದೇ ಹೆಸರು. 1918ರ ಅಕ್ಟೋಬರ್ ಕೊನೆಯಲ್ಲಿ ಅದು ಮೊದಲು ಸದ್ದು ಮಾಡಿದಾಗ ಮಹಾಯುದ್ಧ ಮುಗಿಯಲು ಎರಡೇ ವಾರ ಉಳಿದಿತ್ತು. ಅದನ್ನು ತಯಾರಿಸಿದ ಕಾಸ್ಮಾಸ್ ಕಂಪನಿಯೂ ದಿವಾಳಿಯಾಗಿ, 1920ರಲ್ಲಿ ಬ್ರಿಸ್ಟಲ್ ವಿಮಾನ ಕಂಪನಿಯು 15,000 ಪೌಂಡಿಗೆ ಅದನ್ನು ಕೊಂಡಿತು.

ಗಾಲಿಯ ಗುಂಬದ ಸುತ್ತ ಅರೆಗಳಿರುವಂತೆ ಒಂಬತ್ತು ಸಿಲಿಂಡರುಗಳು. ಅವನ್ನು ತಣಿಸಲು ನೀರಿಲ್ಲ, ಎದುರುಗಾಳಿಯೇ ಸಾಕು. ನೀರಿನ ತೊಟ್ಟಿ, ಕೊಳವೆಗಳ ಭಾರವೂ ಇಲ್ಲ, ಸೋರುವ ಭಯವೂ ಇಲ್ಲ. 1927ರ ಜನವರಿ 8ರಂದು ಇಂಗ್ಲೆಂಡಿನಿಂದ ದೆಹಲಿಗೆ ಬಂದಿಳಿದ ಹರ್ಕ್ಯುಲಿಸ್ ವಿಮಾನವನ್ನು ಹೊತ್ತು ತಂದವು ಇಂಥ ಮೂರು ಎಂಜಿನುಗಳೇ.

ಸ್ವಂತ ಎಂಜಿನು ಬೇಕು, ಆದರೆ ಹೊಸದಾಗಿ ರೂಪಿಸಲು ಕಾಲವಿಲ್ಲ ಎನ್ನುವ ದೇಶಗಳಿಗೆ ಲೈಸೆನ್ಸು ಸುಲಭದ ದಾರಿಯಾಗಿ ಕಂಡಿತು. ಹದಿನಾಲ್ಕು ದೇಶಗಳು ಜುಪಿಟರಿನ ಲೈಸೆನ್ಸು ಪಡೆದವು. ಹಣ ತೆತ್ತರೆ ನಕ್ಷೆ ಸಿಗುತ್ತದೆ. ಜೊತೆಗೆ, ಮಾರಿದವನು ಬಯಸದಿದ್ದರೂ, ಸ್ವಲ್ಪ ವಿದ್ಯೆಯೂ ಹೋಗುತ್ತದೆ. ಜರ್ಮನಿಯ ಸೀಮೆನ್ಸ್ ತಯಾರಿಸಿದ ಹನ್ನೆರಡು ಜುಪಿಟರುಗಳನ್ನು 1929ರಲ್ಲಿ ಡಾರ್ನಿಯರ್ ಡೋ-ಎಕ್ಸ್ ಎಂಬ ದೈತ್ಯ ವಿಮಾನಕ್ಕೆ ಜೋಡಿಸಿದರು. ಒಂದರ ಬೆನ್ನಿಗೆ ಒಂದನ್ನು ಕೂರಿಸಿದ್ದರಿಂದ ಹಿಂದಿನವು ಕಾದು ಕೆಂಡವಾದವು. ಕೊನೆಗೆ ಎಲ್ಲವನ್ನೂ ಕಳಚಿ, ನೀರಿನಿಂದ ತಣಿಯುವ ಅಮೆರಿಕದ ಎಂಜಿನುಗಳನ್ನು ಕೂರಿಸಬೇಕಾಯಿತು.

ಫ್ರಾನ್ಸಿನ ನೋಮ್-ರೋನ್ ಕಂಪನಿ ಹೆಚ್ಚು ಜಾಣತನ ತೋರಿತು. 1921ರಲ್ಲಿ ಲೈಸೆನ್ಸು ಪಡೆದು ಕೈ ಪಳಗಿಸಿಕೊಂಡು, ದಶಕ ಮುಗಿಯುವುದರೊಳಗೆ ತನ್ನದೇ ಎಂಜಿನುಗಳನ್ನು ತಂದು ಬ್ರಿಸ್ಟಲಿಗೇ ಎದುರಾಳಿಯಾಯಿತು. ಈ ಫ್ರೆಂಚ್ ಶಿಷ್ಯನ ಮೂಲಕವೇ ಜುಪಿಟರ್ ಸೋವಿಯತ್ ದೇಶಕ್ಕೆ ಹೋಗಿ ಎಂ-22 ಆಯಿತು. ಐ-16 ಯುದ್ಧವಿಮಾನದ ಮೊದಲ ಮಾದರಿಗಳಲ್ಲಿ ಅದೇ ಇತ್ತು. ಅದರ ಬಲ ಸಾಲದೆ, ಅಮೆರಿಕದ ರೈಟ್ ಸೈಕ್ಲೋನ್ ಎಂಜಿನಿನ ಲೈಸೆನ್ಸನ್ನೂ ಪಡೆದು, ಎಂ-25 ಎಂಬ ಹೆಸರಿನಲ್ಲಿ ತಯಾರಿಸಿದರು.

ಜಪಾನಿನ ನಕಾಜಿಮಾ ಕಂಪನಿಯೂ ಮೊದಲು ಜುಪಿಟರನ್ನೇ ತಯಾರಿಸಿ, 1930ರ ಹೊತ್ತಿಗೆ ಸ್ವಂತ ಎಂಜಿನನ್ನು ರೂಪಿಸಿತು. ಸಿಲಿಂಡರಿನ ಅಗಲ ಜುಪಿಟರಿನಷ್ಟೇ, 146 ಮಿಲಿಮೀಟರು. ಪಿಸ್ಟನ್ನಿನ ಓಟವನ್ನು ಮಾತ್ರ 190ರಿಂದ 160ಕ್ಕೆ ತಗ್ಗಿಸಿದ್ದರು. ಅದಕ್ಕಿಟ್ಟ ಹೆಸರು ಕೊತೊಬುಕಿ. ದೀರ್ಘಾಯುಷ್ಯವನ್ನು ಹಾರೈಸುವ ಮಂಗಳಪದವದು. ಅದನ್ನು ಬರೆಯುವ ಅಕ್ಷರವನ್ನು ‘ಜು’ ಎಂದೂ ಓದಬಹುದಾದ್ದರಿಂದ, ಗುರುವಿನ ಹೆಸರಿನ ಮೊದಲಕ್ಷರವೂ ಅದರಲ್ಲಿ ಅಡಗಿದೆ.

1937ರ ನವೆಂಬರಿನಲ್ಲಿ, ಕೊತೊಬುಕಿ ಎಂಜಿನಿನ ಜಪಾನೀ ಯುದ್ಧವಿಮಾನಗಳು ಚೀನದ ನಾನ್‌ಜಿಂಗ್ ನಗರದ ಮೇಲೆ ಹಾರಿಬಂದಾಗ, ಅವನ್ನು ತಡೆಯಲು ಸೋವಿಯತ್ ವೈಮಾನಿಕರು ಮೇಲೇರಿದ್ದು ಎಂ-25 ಹೊತ್ತ ಐ-16ಗಳಲ್ಲಿ.