ಯಾವ ಬೋರಿನ ನೀರು?
ಎಕ್ಸ್‌ರೇ, ಮಾತ್ರೆ, ಎಣ್ಣೆ ತಿಕ್ಕುವುದು ಎಲ್ಲ ಮುಗಿದರೂ ಮನೆಮಂದಿಯ ಕೀಲುನೋವು ಇಳಿಯದಿದ್ದಾಗ ಮುಂಡರಗಿ ಬಸ್ಸಿನಲ್ಲಿ ಪಕ್ಕದವರನ್ನು ಕೇಳುತ್ತೇವೆ: ‘ಅಕ್ಕಾರ, ಯಾವ ಡಾಕ್ಟರ್ ಕೈಗುಣ ಚಲೋ ಐತ್ರಿ?’ ನಾನಾದರೆ ಮೊದಲು ಕೇಳುವುದು, ಯಾವ ಬೋರಿನ ನೀರು ಕುಡಿಯುತ್ತೀರಿ ಎಂದು. ಈ ಸೀಮೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಲೆ. ಫ್ಲೋರೈಡ್ ಇನ್ನೂ ಏರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿಯುತ್ತವೆ. ಸಂಧಿವಾತವೆಂದು ಸುಲಭವಾಗಿ ತಪ್ಪು ತಿಳಿಯುವ ಬೇನೆ. ಒಬ್ಬರ ನೋವು ವಯಸ್ಸಿನದೆನಿಸೀತು. ಓಣಿಯವರೆಲ್ಲ ಕೂಡಿ ಹೇಳಿಕೊಂಡರೆ ಅನುಮಾನ ನೀರಿನತ್ತ ಹೊರಳುತ್ತದೆ. ನೆರೆಯವರು ಹೇಳುವ ಮಾತ್ರೆ ಬೇಡ. ನೀರು ಕುದಿಸಿ ಎಂಬ ಸಲಹೆಯೂ ಇಲ್ಲಿ ನಡೆಯದು, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೆರೆಯವರ ಹಲ್ಲು, ಕೀಲುಗಳ ಸುದ್ದಿಯನ್ನು ಮಾತ್ರ ಗದಗಿನ ಜಿಮ್ಸ್ ಆಸ್ಪತ್ರೆಯ ವೈದ್ಯರಿಗೆ ಬಿಡದೆ ಹೇಳಿ, ನೀರನ್ನೂ ಪರೀಕ್ಷೆಗೆ ಕೊಡಿ.