ಡಬ್ಬಿ ಹೊಸದು, ಎಣ್ಣೆ ಯಾವುದು?

ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ದುಡಿಯುವ ಬಂಧುಗಳಿಗೆ ನಮ್ಮದೊಂದು ಪ್ರಶ್ನೆ. ಹೋದ ವರ್ಷದ ಕಡಲೆಕಾಯಿ ಎಣ್ಣೆಯನ್ನೇ ಹೊಸ ಡಬ್ಬಿಗೆ ತುಂಬಿ, ಹೊಸ ಚೀಟಿ ಅಂಟಿಸಿ ಹೆಚ್ಚಿನ ದರ ಕೇಳಿದರೆ ಊರವರು ಏನೆನ್ನುತ್ತಾರೆ? ಹಾಸು ಅದೇ, ಹೊಕ್ಕು ಅದೇ, ಅಂಚಿನ ಬಣ್ಣ ಮಾತ್ರ ಬೇರೆಯಾದ ಸೀರೆಯನ್ನು ಹೊಸ ನೇಯ್ಗೆಯೆಂದು ಮೊಳಕಾಲ್ಮೂರಿನ ನೇಕಾರನ ಮುಂದೆ ಹೇಳಿ ನೋಡಿ, ನಕ್ಕುಬಿಟ್ಟಾನು. ಕಂಪ್ಯೂಟರ್ ಕಂಪನಿಗಳು ಮಾಡುತ್ತಿರುವುದು ಇದನ್ನೇ. ಅವರು ಮಾಡಿದರೆ ಅದಕ್ಕೆ ‘ಹೊಸ ಪೀಳಿಗೆ’ ಎಂಬ ಬಿರುದು!

ಲೆಕ್ಕ ನೋಡೋಣ. ಇಂಟೆಲ್ ಕಂಪನಿಯ ೧೩ನೇ ಪೀಳಿಗೆಯ ಐ೯-೧೩೯೦೦ಕೆ ೨೦೨೨ರ ಅಕ್ಟೋಬರಿನಲ್ಲಿ ಬಂತು. ೧೪ನೇ ಪೀಳಿಗೆಯ ಐ೯-೧೪೯೦೦ಕೆ ೨೦೨೩ರ ಅಕ್ಟೋಬರಿನಲ್ಲಿ. ಅದರಲ್ಲೂ ೨೪ ಕೋರ್, ಇದರಲ್ಲೂ ೨೪ ಕೋರ್. ಗರಿಷ್ಠ ವೇಗ ೫.೮ ಗಿಗಾಹರ್ಟ್ಸ್ ಇದ್ದದ್ದು ೬ ಆಯಿತು. ವೇಗ ನೂರಕ್ಕೆ ನಾಲ್ಕು ಪಾಲೂ ಏರಲಿಲ್ಲ, ಪೀಳಿಗೆ ಏರಿತು. ಎ.ಎಂ.ಡಿ.ಯವರೂ ಕಡಿಮೆಯೇನಲ್ಲ: ೨೦೨೨ರ ರೈಜೆನ್ ೬೦೦೦ ಸಾಲಿನ ಲ್ಯಾಪ್‌ಟಾಪ್ ಚಿಪ್ಪೇ ೨೦೨೩ರಲ್ಲಿ ೭೦೩೫ ಎಂಬ ಅಂಕೆ ಹೊತ್ತು ಪೇಟೆಗೆ ಬಂತು.

ನಾವು ಯಂತ್ರದ ವೈರಿಗಳಲ್ಲ. ತಿರುಗುವ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂದದ್ದು ನಿಜವಾಗಿ ಹೊಸತು. ಕಂಪ್ಯೂಟರ್ ಏಳುವಷ್ಟರಲ್ಲಿ ಚಹಾ ಕುಡಿದು ಬರುತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಸುಖವನ್ನು ಹಳೆಯ ಯಂತ್ರಕ್ಕೇ ಹಾಕಿಸಿಕೊಳ್ಳಬಹುದೆಂದು ಯಾವ ಜಾಹಿರಾತೂ ಹೇಳುವುದಿಲ್ಲ.

ಬೇಕಿದ್ದವರು ಕೊಳ್ಳಲಿ ಎಂದಿದ್ದರೆ ಸುಮ್ಮನಿರಬಹುದಿತ್ತು. ಕೊಳ್ಳದೆ ವಿಧಿಯಿಲ್ಲದಂತೆ ಮಾಡಿದ್ದಾರೆ. ೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ ೧೧ ಬೇಕೆಂದರೆ ಇಂಟೆಲ್‌ನ ೮ನೇ ಪೀಳಿಗೆಯಾದರೂ ಇರಬೇಕು. ೭ನೆಯದರಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದವೆಲ್ಲ ಅನರ್ಹ. ಆ ೭ನೆಯದರ ಹೆಸರು ‘ಕೇಬಿ ಲೇಕ್’. ೨೦೧೭ರ ಆಗಸ್ಟಿನಲ್ಲಿ ಬಂದ ೮ನೆಯದರ ಮೊದಲ ಲ್ಯಾಪ್‌ಟಾಪ್ ಚಿಪ್ಪುಗಳ ಹೆಸರೇನು? ‘ಕೇಬಿ ಲೇಕ್ ರಿಫ್ರೆಶ್’! ಎರಡು ಕೋರ್ ಇದ್ದದ್ದು ನಾಲ್ಕಾಯಿತು, ಒಪ್ಪುತ್ತೇವೆ; ಕೋರಿನ ವಿನ್ಯಾಸ ಅದೇ. ಅಣ್ಣನಿಗೆ ಬಾಗಿಲು ಮುಚ್ಚಿ ತಮ್ಮನನ್ನು ಒಳಗೆ ಕರೆದಂತಾಯಿತು. ಎಲ್ಲ ಭದ್ರತೆಗಾಗಿ ಎನ್ನುತ್ತಾರೆ. ಭದ್ರತೆ ಬೇಕು, ಅದರ ಖರ್ಚು ಯಾರ ತಲೆಯ ಮೇಲೆ?

೨೦೧೭ರ ಜುಲೈ ೧ರಂದು ಜಿ.ಎಸ್.ಟಿ. ಬಂದಾಗ ಬಿಲ್ಲು ಬರೆಯಲೆಂದು ಸಾಲ ಮಾಡಿ ಕಂಪ್ಯೂಟರ್ ಕೊಂಡ ಚಿಲ್ಲರೆ ವರ್ತಕನ ತಲೆಯ ಮೇಲೆ. ಒಂದೇ ತಿಂಗಳ ಅಂತರದಲ್ಲಿ ಆತನ ಯಂತ್ರ ಜಾತಿಗೆಟ್ಟಿತು. ಮಗಳ ಕಾಲೇಜಿಗೆಂದು ಹಳೆಯ ಲ್ಯಾಪ್‌ಟಾಪನ್ನು ಕಂತಿನಲ್ಲಿ ಕೊಂಡ ಕೂಲಿಕಾರನ ತಲೆಯ ಮೇಲೆ. ಕೆಟ್ಟಿಲ್ಲ, ನಿಂತಿಲ್ಲ, ಆದರೂ ಗುಜರಿಗೆ ಹಾಕು ಎಂದರೆ ಇದು ವ್ಯಾಪಾರವೋ ಸುಲಿಗೆಯೋ?

ಸರ್ಕಾರವನ್ನು ನಾವು ಕೇಳುವುದಿಷ್ಟು. ಹಿಂದಿನ ವರ್ಷದ ಮಾದರಿಗಿಂತ ಇದು ಯಾವುದರಲ್ಲಿ ಬೇರೆ, ಭದ್ರತಾ ತಿದ್ದುಪಡಿ ಯಾವ ವರ್ಷದವರೆಗೆ ಬರುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲೇ ಕನ್ನಡದಲ್ಲಿ ಅಚ್ಚಾಗಬೇಕು. ಎಣ್ಣೆ ಡಬ್ಬಿಯ ಮೇಲೆ ತಯಾರಾದ ದಿನ ಹಾಕಿಸುವವರಿಗೆ ಇದೇನು ಕಷ್ಟ?

ಅಲ್ಲಿಯವರೆಗೆ, ಹಳೆಯದನ್ನು ಎಸೆಯುವ ಮುನ್ನ ರಿಪೇರಿ ಅಂಗಡಿಯಲ್ಲಿ ಎಸ್‌ಎಸ್‌ಡಿಗೂ ಮೆಮೊರಿಗೂ ದರ ಕೇಳಿರಿ. ಲಿನಕ್ಸ್ ಹಾಕಿಸಿದರೆ ಪರವಾನಗಿಯ ಹಣವೂ ಇಲ್ಲ. ಬಿಲ್ಲಿನ ತಂತ್ರಾಂಶ ವಿಂಡೋಸಿಗೇ ಕಟ್ಟುಬಿದ್ದಿದ್ದರೆ ಆ ದಾರಿ ಸುಲಭವಲ್ಲ; ಆ ತಂತ್ರಾಂಶ ಮಾರುವವರನ್ನು ಇನ್ನೊಂದು ಸಂಚಿಕೆಯಲ್ಲಿ ವಿಚಾರಿಸಿಕೊಳ್ಳುತ್ತೇವೆ.