ವಂಶಾವಳಿಯಲ್ಲಿ ಉಮ್ಮನ ಹೆಸರೆಲ್ಲಿ?

ರಜೆಗೆ ಊರಿಗೆ ಬಂದ ಗಲ್ಫಿನ ಹುಡುಗರು ನಮ್ಮ ಉಮ್ಮನ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ವಂಶಾವಳಿ ಹಾಕಿದರು. ಆರು ತಲೆಮಾರಿನ ಹೆಸರುಗಳು. ಮಾಶಾ ಅಲ್ಲಾಹ್, ದೊಡ್ಡ ಕೆಲಸ. ಆದರೆ ಎಷ್ಟು ಹುಡುಕಿದರೂ ನನ್ನ ಉಮ್ಮನ ಹೆಸರು ಸಿಗಲಿಲ್ಲ. ಅಜ್ಜನ ಕೆಳಗೆ ನಾಲ್ಕು ಗಂಡು ಮಕ್ಕಳು ಮಾತ್ರ. ಮೂವರು ಹೆಣ್ಣು ಮಕ್ಕಳೂ ಇಲ್ಲ, ಅವರ ಸಂತಾನವೂ ಇಲ್ಲ.

ಕೇಳಿದರೆ, "ಹೆಂಗಸರ ಹೆಸರು ಎಲ್ಲರ ಮೊಬೈಲಿಗೆ ಹೋಗುವುದು ಬೇಡ ಅಂತ ಬಿಟ್ಟೆವು ಉಸ್ತಾದ್" ಅಂದರು. ಪ್ರವಾದಿಯವರ (ಸ.ಅ.) ತಾಯಿ ಆಮಿನಾ, ಹಾಲುಣಿಸಿದ ತಾಯಿ ಹಲೀಮಾ, ಮಗಳು ಫಾತಿಮಾ. ಈ ಹೆಸರುಗಳನ್ನು ಮದ್ರಸದ ಒಂದನೇ ತರಗತಿಯ ಮಗುವೂ ಹೇಳುತ್ತದೆ. ನಮ್ಮ ಮನೆಯ ಹೆಸರುಗಳಿಗೆ ಮಾತ್ರ ಯಾಕೆ ನಾಚಿಕೆ?

ನಂಟು ಉಳಿಸಿಕೊಳ್ಳಲು ಬೇಕಾದಷ್ಟು ವಂಶ ಕಲಿಯಿರಿ ಎಂಬುದು ಪ್ರವಾದಿಯವರ (ಸ.ಅ.) ಬೋಧನೆ. ಈ ನಂಟಿಗೆ ಸಿಲತುರ್ರಹಿಮ್ ಎನ್ನುತ್ತೇವೆ. ರಹಿಮ್ ಅಂದರೆ ಗರ್ಭ. ಗರ್ಭದ ಹೆಸರಿನಲ್ಲೇ ಇರುವ ನಂಟನ್ನು ಬರೆಯುವಾಗ ಹೆತ್ತವಳನ್ನೇ ಬಿಟ್ಟರೆ ಹೇಗೆ?

ಇದು ಬರೀ ಗೌರವದ ಮಾತಲ್ಲ, ಹಲಾಲ್ ಹರಾಮಿನ ಮಾತು. ಯಾರನ್ನು ನಿಕಾಹ್ ಆಗಬಾರದು ಎಂದು ಹೇಳುವ ಸೂರಃ ಅನ್ನಿಸಾದ 23ನೇ ಆಯತ್ತಿನಲ್ಲಿ ಹಾಲುಣಿಸಿದ ತಾಯಿಯೂ ಹಾಲಿನ ಸಹೋದರಿಯೂ ಇದ್ದಾರೆ. ನಮ್ಮ ಶಾಫಿಈ ಮದ್ಸ್‌ಹಬಿನಲ್ಲಿ ಮಗುವಿಗೆ 2 ವರ್ಷ ತುಂಬುವ ಮೊದಲು 5 ಸಲ ಹಾಲುಣಿಸಿದರೆ ಈ ನಂಟು ಬರುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ನಿಶ್ಚಯದ ಹಿಂದಿನ ದಿನ, ಹಾಸಿಗೆ ಹಿಡಿದಿದ್ದ ಹುಡುಗಿಯ ಅಜ್ಜಿ ಹುಡುಗನ ಮನೆ ಯಾವುದೆಂದು ಕೇಳಿ ಎದ್ದು ಕೂತರು. "ಅವನ ಉಮ್ಮ ಆಸ್ಪತ್ರೆಯಲ್ಲಿದ್ದಾಗ ನನ್ನ ಕಿರಿಯವನ ಜೊತೆ ಅವನಿಗೂ ಎರಡು ತಿಂಗಳು ನಾನೇ ಹಾಲು ಕೊಟ್ಟದ್ದಲ್ವಾ!" ಹುಡುಗ ಹಾಲಿನ ನಂಟಿನಲ್ಲಿ ಹುಡುಗಿಗೆ ಸೋದರಮಾವ. ಮದುವೆ ಅಲ್ಲಿಗೇ ನಿಂತಿತು. ಅಜ್ಜಿಗೆ ನೆನಪಾಗದೆ ಇದ್ದಿದ್ದರೆ?

ಮೀರಾಸಿನ ವಿಷಯವೂ ಹಾಗೆಯೇ. ಹೆಸರು ಬಿಟ್ಟುಹೋದ ಹೆಣ್ಣಿನ ಪಾಲು ಕೂಡ ಸುಲಭವಾಗಿ ಬಿಟ್ಟುಹೋಗುತ್ತದೆ.

ಗಂಡಸರ ಹೆಸರು ಪಹಣಿಯಲ್ಲಿ, 1974ರ ಭೂಸುಧಾರಣೆಯ ನಂತರದ ಗೇಣಿ ಅರ್ಜಿಗಳಲ್ಲಿ ಹುಡುಕಿದರೆ ಸಿಗಬಹುದು. ಜಮಾಅತಿನ ನಿಕಾಹ್ ಪುಸ್ತಕವನ್ನೂ ಕೇಳಿ ನೋಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮಂಜೇಶ್ವರ, ಉಪ್ಪಳದ ಕಡೆ ಉಳಿದ ನಂಟರನ್ನೂ ಮರೆಯಬೇಡಿ. ಆದರೆ ಹಾಲಿನ ನಂಟು ಯಾವ ಕಡತದಲ್ಲೂ ಇಲ್ಲ. ಅದು ಇರುವುದು ನಮ್ಮ ಅಜ್ಜಿಯಂದಿರ ನೆನಪಿನಲ್ಲಿ ಮಾತ್ರ.

ಈ ಶುಕ್ರವಾರ ಜುಮಾ ಮುಗಿಸಿ ಬಂದು ಮನೆಯ ಹಿರಿಯ ಹೆಂಗಸಿನ ಹತ್ತಿರ ಒಂದು ನೋಟು ಪುಸ್ತಕ ಹಿಡಿದು ಕೂತುಕೊಳ್ಳಿ. ನಿಮ್ಮ ಉಮ್ಮ ಯಾರು, ಅಕ್ಕತಂಗಿಯರನ್ನು ಎಲ್ಲಿಗೆ ಕೊಟ್ಟದ್ದು, ಯಾರ ಮಕ್ಕಳಿಗೆ ಹಾಲು ಕೊಟ್ಟಿದ್ದೀರಿ ಎಂದು ಕೇಳಿ. ಮೊಬೈಲಿಗೆ ಹಾಕದಿದ್ದರೂ ಪರವಾಗಿಲ್ಲ. ಬರೆದು ಮನೆಯಲ್ಲಿಡಿ. ಅವರ ಜನಾಝದ ನಂತರ ಕೇಳಲು ಯಾರೂ ಇರುವುದಿಲ್ಲ.